ಬಂಡೆಯೊಡಲಿನ ಊರು

ಮಕ್ಕಳಿರುವಲ್ಲಿಗೆಂದು ಅಮೆರಿಕಕ್ಕೆ ಹೋಗಿಬರುವವರು ಈಗ ನಮ್ಮಲ್ಲಿ ಅನೇಕರು. ತಮಗೂ ಅಂಥ ಸುಯೋಗ ಒದಗಿದರೆ, ಕೊಲೊರಾಡೊ ರಾಜ್ಯದ ಮೆಸಾ ವರ್ಡೆ ಎಂಬ ಪ್ರಸ್ಥಭೂಮಿಯನ್ನು ಅವಶ್ಯ ಸಂದರ್ಶಿಸಬೇಕೆಂದು ನನ್ನ ವಿಜ್ಞಾಪನೆ. ಅಲ್ಲಿಯ ಕಮರಿಯೊಂದರ ಅಂಚಿನಲ್ಲಿ ನಿಂತಾಗ, ಎದುರಿನ ಬಂಡೆಯೊಡಲಲ್ಲಿ ಒಂದು ಊರೇ ಅಡಗಿ ಕುಳಿತಿರುವುದನ್ನು ಕಂಡು ನಾನು ಮೂಕನಾದೆ.

ಅದಕ್ಕೆ ‘ಕ್ಲಿಫ್ ಪ್ಯಾಲೇಸ್’ ಎಂದು ಹೆಸರು. ಹೆಸರೇನೋ ಅರಮನೆ, ವಾಸವಾಗಿದ್ದವರು ಮಾತ್ರ ಮೆಕ್ಕೆಜೋಳ, ಕುಂಬಳ ಬೆಳೆದುಣ್ಣುತ್ತಿದ್ದ ಪ್ಯೂಬ್ಲೊ ಒಕ್ಕಲುಗಳು. ಮರಳುಗಲ್ಲನ್ನು ಕೆತ್ತಿ, ಮಣ್ಣಿನ ಗಾರೆಯಿಂದ ಕೂಡಿಸಿ, ಸುಮಾರು 150 ಕೋಣೆಗಳನ್ನು ಅವರು ಕಟ್ಟಿದರು. ನೆಲದೊಳಗೆ ದುಂಡಗೆ ತೋಡಿದ ‘ಕಿವಾ’ಗಳು ಅವರ ಪೂಜಾಗೃಹಗಳು. ಅವುಗಳ ನೆಲದಲ್ಲೊಂದು ಚಿಕ್ಕ ಕುಳಿ. ಪೂರ್ವಿಕರು ಕೆಳಲೋಕದಿಂದ ಈ ಲೋಕಕ್ಕೆ ಬಂದ ದ್ವಾರದ ಕುರುಹು ಅದು. 13ನೆಯ ಶತಮಾನದ ಕೊನೆಯ ಪಾದದಲ್ಲಿ ದೀರ್ಘ ಬರಗಾಲ ಬಿದ್ದುದನ್ನು ಮರಗಳ ಉಂಗುರಗಳು ಹೇಳುತ್ತವೆ. ಆಗ ಜನರು ದಕ್ಷಿಣಕ್ಕೆ ತೆರಳಿದರು. ಅಳಿದುಹೋಗಲಿಲ್ಲ, ಇಂದಿನ ಹೋಪಿ, ಝೂನಿ ಮೊದಲಾದವರು ಅವರದೇ ಸಂತತಿ. ಆದುದರಿಂದ ಇದನ್ನು ‘ಹಾಳೂರು’ ಎನ್ನಲು ನನಗೆ ನಾಲಿಗೆ ಬಾರದು.

1891ರಲ್ಲಿ ಗುಸ್ತಾಫ್ ನೊರ್ಡೆನ್‌ಶ್ಯೋಲ್ಡ್ ಎಂಬ ಸ್ವೀಡನ್ನಿನ ತರುಣನು ಇಲ್ಲಿ ಅಗೆದು, ಮಡಕೆಗಳೊಡನೆ ಸತ್ತವರ ಎಲುಬುಗಳನ್ನೂ ಹಡಗೇರಿಸಿದನು. ತಡೆಯಹೋದವರಿಗೆ ಆಧಾರವಾಗಿ ಕಾನೂನೇ ಇರಲಿಲ್ಲ! ಪ್ರಾಚೀನಾವಶೇಷಗಳ ರಕ್ಷಣೆಗೆ ಶಾಸನವಾದುದೂ, ಮೆಸಾ ವರ್ಡೆ ರಾಷ್ಟ್ರೀಯ ಉದ್ಯಾನವಾದುದೂ 1906ರಲ್ಲಿ. ಆತನ ಸಂಗ್ರಹ ಫಿನ್ಲೆಂಡಿನ ವಸ್ತುಸಂಗ್ರಹಾಲಯ ಸೇರಿತ್ತು. ಅಲ್ಲಿಂದ 20 ಮಂದಿಯ ಅಸ್ಥಿಗಳೂ, ಸಮಾಧಿಯ 28 ವಸ್ತುಗಳೂ 2020ರಲ್ಲಿ ಮರಳಿ ಬಂದವು. ನೂರಿಪ್ಪತ್ತೊಂಬತ್ತು ವರ್ಷಗಳ ಪರದೇಶವಾಸ ಮುಗಿಸಿದ ಆ ಹಿರಿಯರನ್ನು ವಂಶಸ್ಥರು ಮಣ್ಣಿಗೊಪ್ಪಿಸಿದರು.

ತಾವು ಹೋದಾಗ ಗೋಡೆಗೆ ಒರಗಬೇಡಿರಿ, ಏರಬೇಡಿರಿ. ಕಿವಾದೊಳಗೆ ನಾಣ್ಯವನ್ನೂ ಎಸೆಯಬೇಡಿರಿ. ಕಾಲ ಬಳಿ ಉಗುರಿನಷ್ಟು ಮಡಕೆಚೂರು ಕಂಡೀತು, ಕಪ್ಪು ಗೆರೆಯ ಚಿತ್ತಾರ ಕೈಬೀಸಿ ಕರೆದೀತು. ಅದು ಬಿದ್ದಿರುವ ತಾವೇ ಅದರ ಚರಿತ್ರೆ. ಎತ್ತಿದೊಡನೆ ಅದು ಬರಿಯ ಬೋಕಿ. ಕೆಲವರು ಅವನ್ನು ಆಯ್ದು ಕಲ್ಲಿನ ಮೇಲೆ ಒಪ್ಪವಾಗಿ ಜೋಡಿಸಿಟ್ಟು ಬರುವುದುಂಟು. ಸದುದ್ದೇಶವೇ ಸರಿ, ಹಾನಿ ಅಷ್ಟೇ. ಕ್ಲಿಫ್ ಪ್ಯಾಲೇಸಿನೊಳಕ್ಕೆ ಉದ್ಯಾನದ ಸಿಬ್ಬಂದಿಯೊಡನೆ ಮಾತ್ರ ಪ್ರವೇಶ. ಟಿಕೀಟನ್ನು ಮೊದಲೇ ಪಡೆದಿರಬೇಕು. ದಾರಿಯಲ್ಲಿ ಏಣಿಗಳಿವೆ, ಮಂಡಿನೋವಿನವರು ಮೇಲಿನ ಕಟ್ಟೆಯಿಂದಲೇ ಕಣ್ತುಂಬ ನೋಡಬಹುದು.