ಲಾನ್ ಕಂದಾದ್ರೆ ಸತ್ತಂಗಲ್ಲ

ರೇಷ್ಮೆ, ಟೊಮೆಟೊ ಬಗ್ಗೆ ಬರೆಯೋ ಪೇಜಲ್ಲಿ ಇವತ್ತು ಲಾನ್ ಬಗ್ಗೆ ಬರೀತಿದೀನಿ, ನಗಬೇಡಿ. ನಮ್ಮ ಚಿಂತಾಮಣಿ, ಶಿಡ್ಲಘಟ್ಟದ ಕಡೆ ಹೊಸದಾಗಿ ಕಟ್ಟೋ ಮನೆಗಳ ಮುಂದೆ ಒಂದೊಂದಾಗಿ ಹುಲ್ಲುಹಾಸು ಬರ್ತಾ ಇದೆ. ಅದಕ್ಕೂ ನಮ್ಮ ಬೋರಿನ ನೀರೇ ಹೋಗೋದು. ಹಾಗಾಗಿ ಅದೂ ಒಂದು ಬೆಳೆನೇ, ಲೆಕ್ಕಕ್ಕೆ ತಗೋಬೇಕು.

ನಮ್ಮಣ್ಣ ಬೆಂಗಳೂರಲ್ಲಿ ಕೆಲಸದಿಂದ ರಿಟೈರ್ ಆಗಿ ಬಂದು ತೋಟದ ಅಂಚಲ್ಲಿ ಮನೆ ಕಟ್ಟಿದ. ಬೋರ್ ಒಂದೇ, ಅಪ್ಪ ಇದ್ದಾಗ ಕೊರೆಸಿದ್ದು, ಈಗ ಮೋಟರ್ 1,100 ಅಡಿಯಲ್ಲಿ ಕೂತಿದೆ. ಅದರಲ್ಲೇ ನನ್ನ ಒಂದೂವರೆ ಎಕರೆ ಹಿಪ್ಪುನೇರಳೆ, ಎರಡು ಹಸು, ಎರಡು ಸಂಸಾರ. ಹೋದ ವರ್ಷ ಅಣ್ಣ ಮನೆ ಮುಂದೆ ಸರಿಯಾಗಿ ಒಂದು ಗುಂಟೆ ಲಾನ್ ಹಾಕಿಸಿದ. ನರ್ಸರಿಯವರು ಫೆಬ್ರವರಿಯಲ್ಲಿ ಬಂದು, ಮನೆ ಕಟ್ಟಿ ಉಳಿದ ಜಲ್ಲಿ ಸಿಮೆಂಟಿನ ಮೇಲೆ ಎರಡಿಂಚು ಕೆಮ್ಮಣ್ಣು ಹರಡಿ, ಹುಲ್ಲನ್ನ ಚಾಪೆ ಥರ ಹಾಸಿ, ಬೆಳಗ್ಗೆ ಸಂಜೆ ನೀರು ಬಿಡಿ ಅಂತ ಹೇಳಿ ಹೋದರು. ಅಣ್ಣ ಹಾಗೇ ಬಿಟ್ಟ.

ಏಪ್ರಿಲ್ ಹೊತ್ತಿಗೆ ನಮ್ಮ ಡ್ರಿಪ್ಪಿನ ಕೊನೇ ಸಾಲುಗಳಿಗೆ ನೀರು ಮುಟ್ತಾ ಇರ್ಲಿಲ್ಲ. ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಎದ್ದ ಮೇಲೆ ಅದು ತಿನ್ನೋ ಸೊಪ್ಪು ಎಷ್ಟು ಅಂತ ಮೇಯಿಸಿದವರಿಗೆ ಗೊತ್ತು. ಬಾಡಿದ ಸೊಪ್ಪು ಹಾಕಿದ್ರೆ ಗೂಡು ಕಾಗದದಂಗೆ ಬರ್ತದೆ.

ಲಾನ್ ಕಿತ್ತಾಕು ಅನ್ನೋದು ಸುಲಭ. ಆದ್ರೆ ಮೂವತ್ತು ವರ್ಷ ಬಾಡಿಗೆ ಮನೆಯಲ್ಲಿ ಕಿಟಕಿ ತೆಗೆದ್ರೆ ಪಕ್ಕದ ಮನೆ ಗೋಡೆ ನೋಡ್ಕೊಂಡು ಇದ್ದವನು, ಬಾಗಿಲು ತೆಗೆದ್ರೆ ಹಸಿರು ಕಾಣ್ಬೇಕು ಅಂತ ಆಸೆಪಟ್ಟಿದಾನೆ. ನಮಗೆ ಹಸಿರು ಅಂದ್ರೆ ಕೆಲಸ, ಅವನಿಗೆ ಹಾಗಲ್ಲ. ಬೋರಲ್ಲಿ ಅವನ ಪಾಲೂ ಇದೆ. ಮಾತಿಗೆ ಮಾತು ಬೆಳೆಸೋದು ಬೇಡ, ಅಳೆದೇ ಬಿಡೋಣ ಅಂತ 200 ಲೀಟರ್ ಡ್ರಮ್ ತಂದು ಅವನ ಪೈಪಿನ ಕೆಳಗಿಟ್ಟೆ. 5 ನಿಮಿಷಕ್ಕೆ ತುಂಬ್ತು. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ದಿನಕ್ಕೆ 2,400 ಲೀಟರ್!

ಈಗ ಇನ್ನೊಂದು ಲೆಕ್ಕ. ಗುಂಟೆ ಅಂದ್ರೆ 1,089 ಚದರಡಿ, ಹೆಚ್ಚುಕಡಿಮೆ 100 ಚದರ ಮೀಟರ್. ಅದರ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಿದ್ರೆ 100 ಲೀಟರ್. ನಮ್ಮ ಬೇಸಿಗೆಯಲ್ಲಿ ಹುಲ್ಲು ಹಸಿರಾಗೇ ಇರೋಕೆ ದಿನಕ್ಕೆ ಸುಮಾರು 4 ಮಿಲಿಮೀಟರ್, ಅಂದ್ರೆ 400 ಲೀಟರ್ ಸಾಕು. ಅಣ್ಣ ಬಿಡ್ತಿದ್ದದ್ದು ಅದರ ಆರರಷ್ಟು. ಆದ್ರೂ ಹುಲ್ಲು ಹಳದಿ! ಯಾಕಂದ್ರೆ ಬೇರು ಎರಡಿಂಚಿನ ಮಣ್ಣು ದಾಟಿ ಇಳಿದಿರ್ಲಿಲ್ಲ, ಬಿಟ್ಟ ನೀರು ಜಲ್ಲಿ ಮೇಲೆ ಜಾರಿ ಗೇಟಿನಾಚೆ ಮೋರಿಗೆ ಹೋಗ್ತಿತ್ತು. ಒಂದು ಸೀಮೆಹಸು ದಿನಕ್ಕೆ 70 ಲೀಟರ್ ಕುಡಿದ್ರೂ 30 ಹಸು ಕುಡಿಯೋ ನೀರು ಅದು. ಅಣ್ಣ ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಮೂರನೇ ದಿನ ಬಂದು, "ಹಂಗಾದ್ರೆ ಏನ್ ಮಾಡ್ಬೇಕು, ನೀನೇ ಹೇಳಪ್ಪ" ಅಂದ.

ಹುಲ್ಲು ಬದಲಾಯಿಸೋಣ ಅಂದೆ. ಯಾವ ಹುಲ್ಲು ಅಂತೀರಾ? ನಮ್ಮ ಗರಿಕೆನೇ! ಗಣೇಶನ ಹಬ್ಬಕ್ಕೆ ಪೇಟೆಯಲ್ಲಿ ಕಟ್ಟಿಗೆ ಇಷ್ಟು ಅಂತ ಕಾಸು ಕೊಟ್ಟು ತರ್ತೀವಿ, ಮಾರನೇ ದಿನ ಹೊಲದಲ್ಲಿ ಅದನ್ನೇ ಬೈಕೊಂಡು ಕೀಳ್ತೀವಿ. ದೊಡ್ಡ ದೊಡ್ಡ ಮೈದಾನಗಳಲ್ಲಿ ಬರ್ಮುಡಾ ಗ್ರಾಸ್ ಅಂತ ಹಾಕೋದು ಇದೇ ಜಾತಿಯ ಹುಲ್ಲನ್ನ. ಬಿಸಿಲು ತಡೀತದೆ, ನಮ್ಮ ಬೋರಿನ ಸಪ್ಪೆ ಉಪ್ಪು ನೀರೂ ತಡೀತದೆ. ನೆರಳು ಮಾತ್ರ ಆಗಲ್ಲ. ಮರದಡಿ ಹಾಕಿ ದುಡ್ಡು ಕಳ್ಕೋಬೇಡಿ, ಅಲ್ಲಿ ಉದುರಿದ ಎಲೆ ಬಿದ್ದಿರೋದೇ ಚೆಂದ.

ಆಗಸ್ಟಲ್ಲಿ ಮಳೆ ಹಿಡಿದ ಮೇಲೆ ಜಲ್ಲಿ ತೆಗೆಸಿ, ಮುಕ್ಕಾಲಡಿ ಅಗೆಸಿ, ಎರಡು ಗಾಡಿ ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ, ಬದುವಿಂದ ಕಿತ್ತ ಗರಿಕೆ ಬೇರನ್ನ ಗೇಣಿಗೊಂದರಂತೆ ನೆಟ್ಟೆವು. ನಮ್ಮ ಕಡೆ ಮಳೆ ಜಾಸ್ತಿ ಬೀಳೋದು ಆಗಸ್ಟಿಂದ ಅಕ್ಟೋಬರ್. ಅಷ್ಟರಲ್ಲಿ ನೆಲ ಮುಚ್ತು. ಆಮೇಲೆ ದಿನಾ ನೀರಿಲ್ಲ, ವಾರಕ್ಕೊಂದು ಸಲ ಚೆನ್ನಾಗಿ ಇಳಿಯೋಂಗೆ. ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಐದಾರಿಂಚು ಸಲೀಸಾಗಿ ಇಳಿದ್ರೆ ಸಾಕಾಗಿದೆ ಅಂತ. ಮೇಲೆ ಮೇಲೆ ದಿನಾ ಚಿಮುಕಿಸಿದ್ರೆ ಬೇರೂ ಮೇಲೇ ಇರ್ತದೆ.

ಈ ಬೇಸಿಗೆಗೆ ಅದನ್ನೂ ನಿಲ್ಲಿಸಿದ್ವಿ. ಗರಿಕೆ ಮಲಗ್ತದೆ. ಮೇಲೆಲ್ಲ ಕಂದಾಗ್ತದೆ, ಬುಡ ಬದುಕಿರ್ತದೆ. ಒಂದು ಬುಡ ಕಿತ್ತು ಉಗುರಲ್ಲಿ ಸೀಳಿ, ಒಳಗೆ ಬೆಳ್ಳಗೆ ಗಟ್ಟಿಯಾಗಿದ್ರೆ ಜೀವ ಇದೆ. ಮೂರು ವಾರಕ್ಕೊಂದು ಸಲ 1,200 ಲೀಟರ್ ಕೊಡ್ತಿದೀವಿ, ಉಸಿರು ಹಿಡ್ಕೊಂಡಿರೋಕೆ ಅಷ್ಟು ಸಾಕು. ಅದರಲ್ಲೂ ಅರ್ಧ ಅತ್ತಿಗೆ ಬಟ್ಟೆ ಜಾಲಿಸಿದ ನೀರು. ಬ್ಲೀಚಿಂಗ್ ಹಾಕಿದ ನೀರು ಮಾತ್ರ ಬೇಡ. ಮಲಗಿರೋ ಹುಲ್ಲಿಗೆ ಯೂರಿಯಾ ಹಾಕಿ ಎಬ್ಬಿಸೋಕೂ ಹೋಗ್ಬೇಡಿ, ಎದ್ದ ಮೇಲೆ ನೀರು ಕೇಳ್ತದೆ. ಬೇಸಿಗೆಗೆ ಮುಂಚೆ ಕತ್ತರಿಸುವಾಗ ಎರಡಿಂಚು ಎತ್ತರ ಬಿಡಿ, ಬುಡಕ್ಕೆ ಅದೇ ನೆರಳು.

ಒಂದು ವಿಷಯ ರೇಷ್ಮೆಯವರೆಲ್ಲ ಗಮನ ಕೊಟ್ಟು ಓದ್ಬೇಕು. ಮಾರ್ಚಲ್ಲಿ ಹುಲ್ಲಿಗೆ ಅಲ್ಲಲ್ಲಿ ಗೆದ್ದಲು ಹತ್ತಿತ್ತು. ಪೇಟೆ ಅಂಗಡಿಯವರು ಕ್ಲೋರ್‌ಪೈರಿಫಾಸ್ ಡಬ್ಬ ಕೊಟ್ಟು ಕಳಿಸಿದ್ರು. ಅತ್ತಿಗೆ ಮುಚ್ಚಳ ತೆಗೆಯೋ ಮುಂಚೆ ನನ್ನ ಕೇಳಿದ್ರು, ಪುಣ್ಯ. ಲಾನಿಂದ ನನ್ನ ಕಡ್ಡಿ ತೋಟಕ್ಕೆ ಇಪ್ಪತ್ತು ಅಡಿ. ಗಾಳಿಗೆ ಒಂದಿಷ್ಟು ಸೊಪ್ಪಿನ ಮೇಲೆ ಕೂತ್ರೂ ಸಾಕು, ಹುಳ ಹಸಿರು ಕಕ್ಕೊಂಡು ಒದ್ದಾಡಿ ಸಾಯ್ತದೆ, 100 ಮೊಟ್ಟೆ ಬೆಳೆ ಒಂದೇ ದಿನಕ್ಕೆ ತಿಪ್ಪೆಗೆ. ಡಬ್ಬ ವಾಪಸ್ ಕಳಿಸಿ, ಗುಂಟೆಗೆ 5 ಕೆಜಿ ಬೇವಿನ ಹಿಂಡಿ ಹರಡಿದ್ವಿ, ಹುತ್ತದ ಮಣ್ಣು ಕೆದಕಿ ತೆಗೆದ್ವಿ. ಗೆದ್ದಲು ಪೂರ್ತಿ ಹೋಗಿಲ್ಲ, ಇರ್ಲಿ. ಪಕ್ಕದಲ್ಲಿ ಯಾರಾದ್ರೂ ಲಾನ್ ಹಾಕಿದ್ರೆ ಇದೊಂದು ಮಾತು ಮೊದಲೇ ಹೇಳಿಡಿ.

ಗರಿಕೆ ತೋಟಕ್ಕೆ ನುಗ್ಗಲ್ವಾ ಅಂತ ಕೇಳ್ತೀರಿ. ನುಗ್ತದೆ. ಅದಕ್ಕೆ ಲಾನ್ ಸುತ್ತ ಒಂದಡಿ ಆಳಕ್ಕೆ ಕಲ್ಲುಚಪ್ಪಡಿ ನಿಲ್ಲಿಸಿದೀವಿ, ಆದ್ರೂ ಮಳೆಗಾಲದಲ್ಲಿ ಮೇಲಿಂದ ಹತ್ತಿ ಬರೋ ಬಳ್ಳಿನ ತಿಂಗಳಿಗೊಂದು ಸಲ ಕುಡುಗೋಲಲ್ಲಿ ಕೊಯ್ಯಲೇಬೇಕು. ಆ ಕೆಲಸ ಅಣ್ಣನದು, ಕೊಯ್ದದ್ದು ನನ್ನ ಹಸುಗೆ.

ಈಗ ನೋಡಿದ್ರೆ ಅಂಗಳ ಚಾಪೆ ಬಣ್ಣಕ್ಕಿದೆ. ನೆಂಟರು ಬಂದವರೆಲ್ಲ "ಅಯ್ಯೋ, ಒಣಗೋಯ್ತಲ್ಲ" ಅಂತಾರೆ, ಅಣ್ಣ ಬುಡ ಕಿತ್ತು ಸೀಳಿ ತೋರಿಸ್ತಾನೆ. ಹೀಗೇ ತೋರಿಸ್ತಾ ಹೋದ್ರೆ ಮಳೆಗೆ ಮುಂಚೆ ಅರ್ಧ ಲಾನ್ ಖಾಲಿ ಆಗ್ತದೆ ಅಂತ ಅತ್ತಿಗೆ ರೇಗ್ತಿದಾರೆ.

ಗರಿಕೆ ಬೇರು ಬೇಕಾದವರು ಎರಡು ಹದ ಮಳೆ ಆದ ಮೇಲೆ ಬನ್ನಿ. ನಮ್ಮ ಬದು ತುಂಬಾ ಇದೆ, ಕಾಸು ಬೇಡ. ಗುದ್ದಲಿ ನೀವೇ ತನ್ನಿ, ಬುಡಸಮೇತ ಎಷ್ಟು ಕಿತ್ಕೊಂಡು ಹೋದ್ರೂ ನನಗೆ ಉಪಕಾರನೇ.