ಮನೆ ಹೊತ್ತ ಕುದುರೆ

ಬಾಗಲಕೋಟೆಯಿಂದ ಹೊರಟು, ಅನಗವಾಡಿಯ ಬಳಿ ಘಟಪ್ರಭೆಯನ್ನು ದಾಟಿ, ಬೀಳಗಿಯ ಹಾದಿ ಹಿಡಿದ ಪ್ರವಾಸಿಗನಿಗೆ ಮಾರ್ಗಶಿರದ ಬೆಳಗಿನಲ್ಲಿ ಎರಡು ಬಗೆಯ ಮೆರವಣಿಗೆಗಳು ಎದುರಾಗುತ್ತವೆ. ಒಂದು, ಸಕ್ಕರೆ ಕಾರ್ಖಾನೆಗಳತ್ತ ಸಾಗುವ ಕಬ್ಬಿನ ಟ್ರ್ಯಾಕ್ಟರುಗಳದು. ಅದು ಹರದಾರಿ ದೂರದಿಂದಲೇ ಹಾಡು ಹಾಕಿಕೊಂಡು ಬರುತ್ತದೆ. ಇನ್ನೊಂದಕ್ಕೆ ಅಷ್ಟು ಸದ್ದಿಲ್ಲ. ಇಬ್ಬನಿಯಲ್ಲಿ ತೊಯ್ದ ಹಾದಿಯ ಅಂಚಿನಲ್ಲಿ ಮೊದಲು ಕರಿಯ ಕುರಿಗಳ ಹಿಂಡು, ಅದರೊಡನೆ ಕಂಬಳಿ ಹೊದ್ದು ಕೋಲು ಹಿಡಿದ ಗಂಡಸರು, ಎಲ್ಲರ ಹಿಂದೆ ಮೂರೋ ನಾಲ್ಕೋ ಗಿಡ್ಡ ಕುದುರೆಗಳು.

ಆ ಕುದುರೆಗಳ ಬೆನ್ನಿನ ಮೇಲೆ ಇರುವುದು ಒಂದು ಸಂಸಾರ. ಮಡಿಸಿ ಹಾಕಿದ ಕಂಬಳಿಗಳ ಮೇಲೆ ಜೋಳದ ಚೀಲ, ರೊಟ್ಟಿಯ ಹಂಚು, ಗಡಿಗೆ, ಕುರಿಗಳ ಸುತ್ತ ಕಟ್ಟುವ ಬಲೆ, ಡೇರೆಯ ಬಟ್ಟೆ. ಎರಡೂ ಪಕ್ಕಕ್ಕೆ ಇಳಿಬಿಟ್ಟ ಜೋಳಿಗೆಗಳಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಕುರಿಮರಿಗಳು ತಲೆ ಹೊರಚಾಚಿ ಲೋಕವನ್ನು ನೋಡುತ್ತಿರುತ್ತವೆ. ಕಾಲು ಕಟ್ಟಿದ ಕೋಳಿಯೊಂದು ಗಂಟಿನ ಮೇಲೆ ಕುಳಿತಿರುತ್ತದೆ. ಇವೆಲ್ಲದರ ತುದಿಯಲ್ಲಿ, ರಾಜಕುಮಾರನ ಗತ್ತಿನಿಂದ, ಮೂರು ವರ್ಷದ ಮಗುವೊಂದು. ಲಗಾಮು ತಾಯಿಯ ಕೈಯಲ್ಲಿ.

ಇವರು ಹಾಲುಮತದ ಕುರುಬರು. ಮಳೆಗಾಲ ಮುಗಿದು ದೀಪಾವಳಿ ಕಳೆಯಿತೆಂದರೆ, ಬೀರದೇವರಿಗೂ ಮಾಳಿಂಗರಾಯನಿಗೂ ಭಂಡಾರ ತೂರಿ, ಬಯಲು ಸೀಮೆಯ ಊರುಗಳಿಂದ ಹೊರಬೀಳುತ್ತಾರೆ. ಕೆಲವರು ಬೆಳಗಾವಿ, ಖಾನಾಪುರ, ಧಾರವಾಡಗಳ ಕೊಯ್ದ ಭತ್ತದ ಗದ್ದೆಗಳತ್ತ ನಡೆದರೆ, ಕೆಲವರು ಘಟಪ್ರಭೆಗೂ ಕೃಷ್ಣೆಗೂ ನಡುವಣ ಹೊಲಗಳಲ್ಲೇ ಸುತ್ತುತ್ತಾರೆ. ಮತ್ತೆ ಊರು ಸೇರುವುದು ಮುಂಗಾರಿನ ಹೊತ್ತಿಗೆ. ಈ ಏಳೆಂಟು ತಿಂಗಳು ಮನೆಯೆಂದರೆ ಕುದುರೆಯ ಬೆನ್ನೇ. ಪೇಟೆಯ ಮನೆಗಳಲ್ಲಿ ‘ಕುದುರೆ ಸಾಕುವುದು’ ಎಂದರೆ ಸಿರಿವಂತರ ಶೋಕಿಯೆಂದು ತಿಳಿದವರು ಒಮ್ಮೆ ಈ ಹಾದಿಯಲ್ಲಿ ನಿಂತು ನೋಡುವುದೊಳ್ಳೆಯದು.

ಚಳಿಗಾಲದಲ್ಲಿ ಈ ಸಂಸಾರದ ದಿನಚರಿ ನಸುಕಿಗೆ ಮೊದಲೇ ಆರಂಭವಾಗುತ್ತದೆ. ಗಂಡಸರು ಕುರಿಗಳ ಜೊತೆಗೆ ಹೋಗುತ್ತಾರೆ. ಕುದುರೆ, ಮಕ್ಕಳು, ಒಲೆ ಈ ಮೂರೂ ಹೆಂಗಸರ ಪಾಲಿಗೆ. ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಬೇಯುತ್ತಿರುವಾಗಲೇ ಕುದುರೆಯ ಮುಂಗಾಲಿನ ಕಟ್ಟು ಬಿಚ್ಚಿ, ಬೆನ್ನು ತಿಕ್ಕಿ, ಹಿಂದಿನ ದಿನದ ಹೊರೆಯಿಂದ ತರಚಿದೆಯೇ ಎಂದು ಕೈಯಾಡಿಸಿ ನೋಡಬೇಕು. ಬೆನ್ನಿನ ಹುಣ್ಣು ಸಣ್ಣದಿದ್ದಾಗಲೇ ಕಣ್ಣಿಗೆ ಬೀಳದಿದ್ದರೆ ಕುದುರೆ ವಾರಗಟ್ಟಲೆ ಬರಿಮೈಯಲ್ಲಿ ನಡೆಯಬೇಕಾಗುತ್ತದೆ. ಅದರ ಹೊರೆ ಯಾರ ತಲೆಯ ಮೇಲೆ ಬರುವುದೆಂದು ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ ಗಂಟುಗಳನ್ನು ಕಟ್ಟುವುದೇ ಒಂದು ವಿದ್ಯೆ. ಎಡಕ್ಕೆ ಎಷ್ಟು ತೂಕವೋ ಬಲಕ್ಕೂ ಅಷ್ಟೆ. ಕುದುರೆ ತನ್ನ ತೂಕದ ಐದನೆಯ ಒಂದು ಭಾಗವನ್ನು ಸುಖವಾಗಿ ಹೊರಬಲ್ಲದೆಂದು ಪಶುವೈದ್ಯರ ಅಂದಾಜು. 250 ಕಿಲೋ ತೂಗುವ ಗಿಡ್ಡ ಕುದುರೆಗೆ ಅದು 50 ಕಿಲೋ ಆಯಿತು. ತಕ್ಕಡಿ ಇಲ್ಲದ ಈ ಹೆಣ್ಣುಮಕ್ಕಳು ಅದನ್ನು ತೋಳಿನ ಅಂದಾಜಿನಲ್ಲೇ ತೂಗುತ್ತಾರೆ.

ಚಳಿಗೆ ಕುದುರೆಯನ್ನು ಹೊದಿಸಬೇಕಲ್ಲವೆ ಎಂದು ಪಟ್ಟಣದವರು ಕೇಳಬಹುದು. ಈ ಸೀಮೆಯ ಚಳಿ ಕುದುರೆಗೆ ಲೆಕ್ಕಕ್ಕೇ ಇಲ್ಲ. ಡಿಸೆಂಬರಿನ ರಾತ್ರಿಯಲ್ಲಿ ಪಾದರಸ ಸಾಮಾನ್ಯವಾಗಿ ಹದಿನೈದು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಒಣ ಹವೆಯಲ್ಲಿ ಕುದುರೆ ಇದಕ್ಕಿಂತ ಎಷ್ಟೋ ಹೆಚ್ಚಿನ ಚಳಿಯನ್ನು ತಾಳಿಕೊಳ್ಳುತ್ತದೆ. ಅದರ ಕಂಬಳಿ ಇರುವುದು ಹೊಟ್ಟೆಯಲ್ಲಿ. ಒಣಮೇವು ದೊಡ್ಡ ಕರುಳಿನಲ್ಲಿ ಹುಳಿತು ಅರಗುವಾಗ ಹುಟ್ಟುವ ಶಾಖವೇ ಮೈಯನ್ನು ಬೆಚ್ಚಗಿಡುತ್ತದೆ. ಹಾಗಾಗಿ ರಾತ್ರಿಗೆ ಎರಡು ಸೂಡು ಕಣಿಕೆ ಸಿಕ್ಕಿದರೆ ಕುದುರೆಗೆ ಅದೇ ಹೊದಿಕೆ. ನಿಜವಾದ ಭಯ ನೀರಿನದು. ಚಳಿಯಲ್ಲಿ ಕುದುರೆ ನೀರನ್ನು ಕಡಿಮೆ ಕುಡಿಯುತ್ತದೆ. ಒಣಮೇವು ಹೆಚ್ಚಾಗಿ ನೀರು ಕಡಿಮೆಯಾದರೆ ಕರುಳು ಕಟ್ಟಿ ಶೂಲೆ ಬರುತ್ತದೆ. ದನದಂತೆ ಮೆಲುಕು ಹಾಕಲಾರದ, ಮನುಷ್ಯನಂತೆ ವಾಂತಿ ಮಾಡಿಕೊಳ್ಳಲೂ ಆಗದ ಪ್ರಾಣಿಯಿದು. ಶೂಲೆ ಹಿಡಿದ ಕುದುರೆ ನೆಲಕ್ಕೆ ಬಿದ್ದು ಹೊರಳಾಡುವುದನ್ನು ನೋಡಿದವರು ಅದನ್ನು ಮರೆಯುವುದಿಲ್ಲ. ಬಿಸಿಲೇರಿದ ಮೇಲೆ ಹಳ್ಳಕ್ಕೋ ಕಾಲುವೆಗೋ ಕುದುರೆಯನ್ನು ಹೊಡೆದೊಯ್ದು ಹೊಟ್ಟೆತುಂಬ ಕುಡಿಸಿ ತರುವ ಕೆಲಸ ಮಕ್ಕಳದು. ಜೀನು ಇಲ್ಲ, ರಿಕಾಪು ಇಲ್ಲ. ಜೂಲು ಹಿಡಿದು ಹತ್ತುವುದು, ಹಿಮ್ಮಡಿ ತಾಕಿಸಿ ಓಡಿಸುವುದು. ಅವರು ಕಲಿತ ಸವಾರಿ ಇಷ್ಟೆ. ಬೇರೆಯವರಿಗೆ ಇಷ್ಟನ್ನು ಕಲಿಯಲು ವರ್ಷಗಳೇ ಬೇಕಾಗುತ್ತವೆ.

ಬೀಳಗಿಯಿಂದ ಪಶ್ಚಿಮಕ್ಕೆ ಸರಿದರೆ ಮುಧೋಳ. ಕವಿಚಕ್ರವರ್ತಿ ರನ್ನನ ಊರೆಂದು ಓದಿದವರು, ಬೇಟೆನಾಯಿಯ ಊರೆಂದು ಓದದವರೂ ಇದನ್ನು ಬಲ್ಲರು. ಇಲ್ಲಿ ಆಳಿದ ಘೋರ್ಪಡೆಯವರ ಹೆಸರಿನಲ್ಲಿ ‘ಘೋಡಾ’ ಇದೆಯೆಂದು ಕೇಳಿದವರು ಭ್ರಮಿಸುವುದುಂಟು. ಮರಾಠಿಯಲ್ಲಿ ‘ಘೋರ್ಪಡ’ವೆಂದರೆ ಕುದುರೆಯಲ್ಲ, ಉಡ! ಅರಸ ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ಇಲ್ಲಿನ ನಾಯಿಗಳನ್ನು ಕಾಣಿಕೆ ಕೊಟ್ಟುದರಿಂದ ಮುಧೋಳದ ನಾಯಿಗೆ ವಿಲಾಯತಿಯಲ್ಲೂ ಹೆಸರಾಯಿತು. 2005ರಲ್ಲಿ ಅದರ ಚಿತ್ರ ಅಂಚೆಚೀಟಿಯ ಮೇಲೆ ಬಂದಿತು. ತಳಿಯನ್ನು ಕಾಯಲು ಸಮೀಪದ ತಿಮ್ಮಾಪುರದಲ್ಲಿ ಸಂಶೋಧನ ಕೇಂದ್ರವೊಂದಿದೆ. ನಾಯಿಗೆ ದೊರೆತ ಈ ಮನ್ನಣೆ ದಖ್ಖನದ ಕುದುರೆಗೆ ಬಹುಕಾಲ ದೊರೆಯಲಿಲ್ಲ. ಭೀಮಾ ನದಿಯ ಕಣಿವೆಯ ‘ಭೀಮಥಡಿ’ ಕುದುರೆಯನ್ನು ದೇಶದ ಪ್ರತ್ಯೇಕ ತಳಿಯೆಂದು ದಾಖಲೆಗೆ ಸೇರಿಸಿದ್ದು 2024ರಲ್ಲಿ. ಮರಾಠರ ದಂಡಿನಲ್ಲಿ ಓಡಿ ಹೆಸರಾದ ಆ ಕುದುರೆಯನ್ನು ದಂಡು ಚದುರಿದ ಮೇಲೂ ಉಳಿಸಿಕೊಂಡವರು ಯಾರು? ಮಹಾರಾಷ್ಟ್ರದ ಧನಗರರು, ಹಿಂಡು ಕಟ್ಟಿಕೊಂಡು ಅಲೆಯುವವರು. ಇತ್ತ ಕುರುಬರ ಹಿಂದೆ ನಡೆಯುವ ಗಿಡ್ಡ ಕುದುರೆಗಳಿಗೆ ಅಂಥ ದಾಖಲೆಯ ಹೆಸರಿಲ್ಲದಿದ್ದರೂ ದುಡಿಮೆ ಅದೇ.

ದೇಶದಲ್ಲಿ ಕುದುರೆಗಳ ಸಂಖ್ಯೆ ಹೇಗೆ ಇಳಿಯುತ್ತಿದೆಯೆಂಬುದನ್ನೂ ಇಲ್ಲಿಯೇ ಹೇಳಬೇಕು. 2012ರ ಜಾನುವಾರು ಗಣತಿಯಲ್ಲಿ ಆರು ಲಕ್ಷಕ್ಕೆ ಮೇಲ್ಪಟ್ಟಿದ್ದ ಕುದುರೆ, ತಟ್ಟುಗಳು 2019ರ ಗಣತಿಯಲ್ಲಿ ಮೂರೂವರೆ ಲಕ್ಷಕ್ಕೂ ಕಡಿಮೆಯಾಗಿದ್ದವು. ಏಳು ವರ್ಷಗಳಲ್ಲಿ ಹತ್ತಿರ ಹತ್ತಿರ ಅರ್ಧ!

ಮುಧೋಳದಿಂದ ಉತ್ತರಕ್ಕೆ, ಜಮಖಂಡಿ. ಗುಡ್ಡದ ಮೇಲೆ ರಾಮತೀರ್ಥದ ಅರಮನೆ. ಇಲ್ಲಿನ ಪಟವರ್ಧನರು ಪೇಶವೆಯವರ ಸರದಾರರು. ಕುದುರೆ ದಂಡನ್ನು ಸಾಕುವ ಹೊಣೆಗಾಗಿಯೇ ಅವರ ಮನೆತನಕ್ಕೆ ಜಹಗೀರು ಸಂದದ್ದು. 1948ರಲ್ಲಿ ಸಂಸ್ಥಾನ ವಿಲೀನವಾಯಿತು. ಕುದುರೆಯ ಮೇಲಿನ ಅರಸು ಇಳಿದುಹೋದ. ಆದರೆ ಕುರುಬರ ಕುದುರೆಗೆ ಗಂಡಾಂತರ ಬಂದದ್ದು ಅರಸು ಹೋದುದರಿಂದಲ್ಲ, ನೀರು ಬಂದುದರಿಂದ. ಇದು ವಿಚಿತ್ರವಾಗಿ ತೋರಬಹುದು, ನಿಜ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು, ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ‘ಶ್ರಮಬಿಂದು ಸಾಗರ’ವೆಂಬ ಹೆಸರು ಅದಕ್ಕೆ ಸಲ್ಲುವಂಥದೇ. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರನ್ನು ಜನ ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. ಬರದ ನಾಡಿನಲ್ಲಿ ಕಬ್ಬು ತಲೆಯೆತ್ತಿತು. ಅತ್ತ 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟು 2006ರಲ್ಲಿ ಲೋಕಾರ್ಪಣೆಯಾಗುವ ಹೊತ್ತಿಗೆ ಬೀಳಗಿ ಸೀಮೆಯ ನದೀತೀರದ ಹೊಲಗಳೆಷ್ಟೋ ಹಿನ್ನೀರಿನೊಳಗೆ ಸೇರಿದ್ದವು.

ರೈತನಿಗೆ ಒಳ್ಳೆಯದಾಯಿತೆಂಬುದರಲ್ಲಿ ಅನುಮಾನವಿಲ್ಲ. ಆದರೆ ವರ್ಷವಿಡೀ ಕಬ್ಬು ನಿಂತ ಹೊಲಕ್ಕೆ ಕುರಿ ಹೋಗುವಂತಿಲ್ಲ, ಕುದುರೆಯಂತೂ ಕಾಲಿಡುವಂತಿಲ್ಲ. ಮಳೆಯ ಹೊಲದಲ್ಲಾದರೆ ಸಜ್ಜೆ, ಹೆಸರು, ಶೇಂಗಾ ಕಿತ್ತ ಮೇಲೆ ನೆಲ ಬಿಡುವಾಗಿರುತ್ತದೆ. ರೈತನೇ ಕುರುಬನನ್ನು ಕರೆದು ಕುರಿ ತರುಬಿಸುತ್ತಾನೆ. ರಾತ್ರಿ ಕುರಿ ಮಲಗಿದ ನೆಲಕ್ಕೆ ಬೇರೆ ಗೊಬ್ಬರವೇಕೆ? ಇದಕ್ಕೆ ರೈತ ಕೊಡುವುದು ಕಾಳು ಅಥವಾ ಹಣ. ಕುದುರೆ ಈ ಲೆಕ್ಕಕ್ಕೆ ಬಾರದು, ಆದರೂ ಮಾತಿನಲ್ಲಿ ಬಂದೇ ಬರುತ್ತದೆ.

“ಎಷ್ಟ್ ರಾತ್ರಿ ಇರ್ತೀಯಪ್ಪಾ?” ಎಂದು ಹೊಲದ ಗೌಡ ಕೇಳುತ್ತಾನೆ.

“ನೀವು ಹೇಳ್ದಷ್ಟ್ ಇರ್ತೀವ್ರಿ ಗೌಡ್ರ. ಕುದುರಿಗೆ ನಾಕ ಸೂಡು ಕಣಿಕಿ ಕೊಟ್ರ ಎರಡ ರಾತ್ರಿ ಹೆಚ್ಚಿಗಿನ ಇರ್ತೀವಿ,” ಎನ್ನುತ್ತಾನೆ ಕುರುಬ. ಅವನ ಹಿಂದೆ ನಿಂತ ಹೆಂಡತಿ, “ನಾಕ ಅಲ್ರೀ ಯಪ್ಪಾ, ಆರ ಕೊಡ್ರಿ. ಒಂದು ಗಬ್ಬ ಐತಿ,” ಎಂದು ತಿದ್ದುತ್ತಾಳೆ. ವ್ಯವಹಾರ ಕುದುರುವುದು ಹೆಚ್ಚಾಗಿ ಆ ತಿದ್ದುಪಡಿಯಂತೆಯೇ.

ಹಿಂಗಾರಿ ಬಿಳಿಜೋಳ ಎದೆಯುದ್ದ ನಿಂತಿರುವ ಮಾರ್ಗಶಿರದ ಕೊನೆಯಲ್ಲಿ ಇನ್ನೊಂದು ಕಷ್ಟ. ಎಳ್ಳಮಾವಾಸ್ಯೆಗೆ ರೈತರ ಮನೆಯವರೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಬಂದು ಚರಗ ಚೆಲ್ಲುವಾಗ, ಎಲ್ಲಿಯೋ ಒಂದು ಸಾಲು ಜೋಳವನ್ನು ಕುದುರೆ ತುಳಿದದ್ದು ಕಂಡರೆ ಸಾಕು, ಹಬ್ಬ ಜಗಳವಾಗುತ್ತದೆ. ಆದ್ದರಿಂದ ಮುಂಗಾಲುಗಳೆರಡಕ್ಕೂ ಕಟ್ಟು. ಕುದುರೆ ಕುಪ್ಪಳಿಸುತ್ತ ಮೇಯಬೇಕು. ಹಗಲಿರುಳು ಸೇರಿ ಹದಿನಾಲ್ಕು ಹದಿನಾರು ಗಂಟೆ ಮೇಯುತ್ತಲೇ ಇರಬೇಕಾದ ಪ್ರಾಣಿಗೆ ಅದು ಸೆರೆವಾಸವೇ. ಆದರೆ ಕಟ್ಟದೆ ಬಿಟ್ಟು ದಂಡ ತೆರುವ ಶಕ್ತಿ ಸಂಸಾರಕ್ಕಿಲ್ಲ.

ಜಮಖಂಡಿಯ ಪಶ್ಚಿಮಕ್ಕೆ ರಬಕವಿ–ಬನಹಟ್ಟಿ. ಹೊತ್ತು ಹುಟ್ಟುವ ಮುನ್ನವೇ ಮಗ್ಗದ ಸದ್ದಿನಿಂದ ಎಚ್ಚರವಾಗುವ ಈ ಜೋಡಿ ಊರುಗಳಲ್ಲಿ ಕುದುರೆ ಬೇರೆ ವೇಷ ತಾಳುತ್ತದೆ. ಈ ಭಾಗದ ಜಾತ್ರೆಗಳಲ್ಲಿ ಕುದುರೆಗಾಡಿಯ ಷರತ್ತು ದೊಡ್ಡ ಆಕರ್ಷಣೆ. ಅದಕ್ಕೆಂದು ಕುದುರೆ ಕಟ್ಟಿದ ದುಡಿಯುವ ಮನೆಗಳಲ್ಲಿ ನಸುಕಿನ ಓಟ, ಮಾಲೀಸು, ಹುರುಳಿ, ಇವೆಲ್ಲವೂ ಕೆಲಸ ಹಿಡಿಯುವ ಮೊದಲೇ ಮುಗಿಯಬೇಕು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟಿಸುವುದೂ ಉಂಟು. ಮನೆಯಾಕೆ ಕಂಡಿಕೆ ಸುತ್ತುತ್ತ, “ಕುದುರಿಗೆ ಹಾಕಿದ್ದ ಹುಡುಗುರಿಗೆ ಹಾಕಿದ್ರ ಪೈಲವಾನ ಆಗಿರ್ತಿದ್ದು,” ಎಂದು ಗೊಣಗಿದರೂ ಚುರುಮುರಿಯೊಂದಿಗೆ ಬೆಲ್ಲದ ಚೂರನ್ನು ಕುದುರೆಯ ಬಾಯಿಗಿಡದೆ ಇರುವುದಿಲ್ಲ. ಇದು ಒಲವಿನ ಕುದುರೆ. ಕೆಲಸ ಹೆಚ್ಚಿದ ತಿಂಗಳಲ್ಲಿ ಮಾರಿಯೂ ಬಿಡಬಹುದು. ಅಲೆಯುವ ಕುರುಬನಿಗೆ ಆ ಸ್ವಾತಂತ್ರ್ಯವಿಲ್ಲ. ಮನೆಯನ್ನು ಮಾರಿ ಎಲ್ಲಿ ಮಲಗುವುದು?

ಹಾಗೆಂದು ಮಾರುವವರು ಇಲ್ಲವೆಂದಲ್ಲ. ಹಿಂಡಿನ ನಾಲ್ಕೈದು ಮನೆಯವರು ಕೂಡಿ ಬಾಡಿಗೆ ಟೆಂಪೋದಲ್ಲಿ ಗಂಟುಮೂಟೆ ಸಾಗಿಸುವ ರೂಢಿ ಬಂದಿದೆ. ಟೆಂಪೋಗೆ ಶೂಲೆ ಬರುವುದಿಲ್ಲ. ಮಳೆಗಾಲದ ಕೊನೆಗೆ ಕುದುರೆನೊಣ ಕಚ್ಚಿ ಹರಡುವ ಸರ್ರಾ ಜ್ವರವಿಲ್ಲ. ಮನುಷ್ಯರಿಗೂ ಅಂಟುವ ಗ್ಲ್ಯಾಂಡರ್ಸ್ ರೋಗದ ಭಯವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕುದುರೆ ಕಾಯುವ ಹುಡುಗಿಯನ್ನು ಶಾಲೆಗೆ ಕಳಿಸಬಹುದು. ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಮಕ್ಕಳು, ವಸತಿಶಾಲೆ ಸೇರಿದ ಮಕ್ಕಳು ಈಗ ಹಲವರು. ದೀಪಾವಳಿಯಿಂದ ಯುಗಾದಿಯವರೆಗೆ ತಾಯಿಯ ಮುಖ ಕಾಣದ ಮಗು ಅಕ್ಷರ ಕಲಿಯುತ್ತದೆ. ತಾಯಿಯೊಡನೆ ನಡೆದ ಮಗು ಕುದುರೆಯ ಕಿವಿ ಹಿಂದಕ್ಕೆ ಮಡಚಿದರೆ ಏನರ್ಥವೆಂಬುದನ್ನು ಕಲಿಯುತ್ತದೆ. ಎರಡನ್ನೂ ಕಲಿಸುವ ಉಪಾಯವನ್ನು ಸರಕಾರವೂ ಕಂಡುಹಿಡಿದಿಲ್ಲ, ಸಮಾಜವೂ ಕಂಡುಹಿಡಿದಿಲ್ಲ. ಹೊರಗೆ ನಿಂತು ‘ಅಯ್ಯೋ, ಹಳೆಯದೆಲ್ಲ ಹೋಗುತ್ತಿದೆ’ ಎಂದು ಮರುಗುವುದು ಸುಲಭ. ಆ ಮರುಕದ ಬೆಲೆಯನ್ನು ಎಂಟು ವರ್ಷದ ಹುಡುಗಿಯಿಂದ ವಸೂಲು ಮಾಡುವುದು ನ್ಯಾಯವಲ್ಲ.

ಟೆಂಪೋ ಹೋಗಲಾರದ ಕಡೆಗೆ ಮಾತ್ರ ಇನ್ನೂ ಕುದುರೆಯೇ. ಎರೆಯ ಹೊಲದ ನಡುವಣ ಬದುವಿನ ದಾರಿ, ಹಳ್ಳದ ಮಗ್ಗುಲು, ಎರಡು ಕಬ್ಬಿನ ತೋಟಗಳ ನಡುವೆ ಉಳಿದ ಆರಡಿ ಜಾಗ. ಹಿಂಡು ನಡುದಾರಿಯಲ್ಲಿರುವಾಗಲೇ ಹೆಣ್ಣುಕುದುರೆ ಈಯುವುದೂ ಉಂಟು. ಹನ್ನೊಂದು ತಿಂಗಳು ಗಬ್ಬ ಹೊತ್ತ ಕುದುರೆಯ ಹೊರೆಯನ್ನು ಕಡೆಯ ವಾರಗಳಲ್ಲಿ ಉಳಿದವುಗಳಿಗೆ ಹಂಚಿರುತ್ತಾರೆ. ಹಂಚಿ ಮಿಕ್ಕದ್ದು ಹೆಂಗಸರ ತಲೆಗೆ. ಕುದುರೆ ಈಯುವುದು ಬಹುಮಟ್ಟಿಗೆ ರಾತ್ರಿಯಲ್ಲಿ, ಜನ ಸದ್ದಡಗಿದ ಮೇಲೆ. ಡೇರೆಯೊಳಗಿನ ಹಿರಿಯಾಕೆ ಕಂದೀಲು ಹಿಡಿದು ದೂರದಲ್ಲೇ ಕೂರುತ್ತಾಳೆ. ಹತ್ತಿರ ಹೋದರೆ ಅದು ತಡೆಹಿಡಿದುಬಿಡುತ್ತದೆಂದು ಅವಳಿಗೆ ಗೊತ್ತು. ಮರಿ ಒಂದೆರಡು ಗಂಟೆಯೊಳಗೆ ಎದ್ದು ನಿಂತು ಮೊಲೆಗೆ ಬಾಯಿ ಹಾಕುತ್ತದೆ. ನಾಳೆಯೇ ಹೊರಡಬೇಕೆಂದು ಗೌಡ ಹೇಳಿದ್ದರೂ ಗಂಡಸರು ಆತನಲ್ಲಿಗೆ ಹೋಗಿ ಇನ್ನೊಂದು ರಾತ್ರಿ ಕೇಳಿಕೊಂಡು ಬರುತ್ತಾರೆ. ಮರುದಿನ ಬೆಳಗ್ಗೆ ಹಿರಿಯಾಕೆ ಬಾಣಂತಿ ಕುದುರೆಗೆ ಬೆಲ್ಲ, ಜೋಳದ ನುಚ್ಚಿನ ಗಂಜಿ ಕುಡಿಸುತ್ತಿರುವಾಗ, ಅದರ ಪಾಲಿನ ಗಂಟನ್ನು ಯಾರು ಹೊರಬೇಕೆಂದು ಸೊಸೆಯರಿಬ್ಬರು ಡೇರೆಯ ಹಿಂದೆ ವಾದಿಸುತ್ತಿರುತ್ತಾರೆ.