ಕುಂಬಾರನ ತಂದೆ

ಭಾರತೀಯ ತರ್ಕಶಾಸ್ತ್ರವನ್ನು ಓದಲು ತೊಡಗಿದ ವಿದ್ಯಾರ್ಥಿಗೆ ಮೊದಮೊದಲು ಎದುರಾಗುವ ವಸ್ತುಗಳಲ್ಲಿ ಒಂದು ಘಟ, ಅಂದರೆ ಮಡಕೆ. ಕಾರ್ಯಕಾರಣ ಸಂಬಂಧವನ್ನು ವಿವರಿಸಬೇಕಾದಾಗಲೆಲ್ಲ ನಮ್ಮ ಶಾಸ್ತ್ರಕಾರರು ಕುಂಬಾರನ ಅಂಗಳಕ್ಕೆ ಹೋಗುತ್ತಾರೆ. ಮಣ್ಣು ಉಪಾದಾನ ಕಾರಣ; ಕುಂಬಾರ, ಚಕ್ರ, ದಂಡ ಇವು ನಿಮಿತ್ತ ಕಾರಣಗಳು. ನೈಯಾಯಿಕರು ಇಷ್ಟಕ್ಕೇ ನಿಲ್ಲದೆ, ಯಾವುದು ಕಾರಣವಲ್ಲ ಎಂಬುದನ್ನೂ ವಿಂಗಡಿಸಿದರು. ಕಾರ್ಯಕ್ಕೆ ಮುಂಚೆ ಇದ್ದರೂ ಕಾರಣವೆಂದು ಎಣಿಸಬೇಕಾಗಿಲ್ಲದ್ದನ್ನು ಅವರು ‘ಅನ್ಯಥಾಸಿದ್ಧ’ ಎಂದು ಕರೆದರು. 17ನೆಯ ಶತಮಾನದ ವಿಶ್ವನಾಥ ಪಂಚಾನನನು ‘ಭಾಷಾಪರಿಚ್ಛೇದ’ದಲ್ಲಿ ಇಂತಹ ಐದು ಬಗೆಗಳನ್ನು ಹೇಳುತ್ತಾನೆ. ಅವಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಎರಡನ್ನು ಒಮ್ಮೆ ಓದಿದವರು ಮರೆಯಲಾರರು: ಒಂದು ಕತ್ತೆ, ಇನ್ನೊಂದು ಕುಂಬಾರನ ತಂದೆ. ಯಾವುದೋ ಒಂದು ಮಡಕೆಗೆ ಕತ್ತೆ ಮಣ್ಣು ಹೊತ್ತಿರಬಹುದು. ಕತ್ತೆಯಿಲ್ಲದೆಯೂ ಮಣ್ಣು ಬರುತ್ತದೆ. ತಂದೆಯು ಕುಂಬಾರನಿಗೆ ಕಾರಣನೇ ಹೊರತು ಮಡಕೆಗೆ ಅಲ್ಲ. ತರ್ಕದ ದೃಷ್ಟಿಯಿಂದ ಇದು ನಿರ್ದುಷ್ಟವಾದ ಮಾತು. ತಂದೆಯನ್ನು ಸೇರಿಸಿಕೊಂಡರೆ ಅಜ್ಜನನ್ನೂ ಮುತ್ತಜ್ಜನನ್ನೂ ಸೇರಿಸಬೇಕಾಗಿ ಬಂದು, ಎಣಿಕೆಗೆ ಕೊನೆಯೇ ಇರುವುದಿಲ್ಲ.

ಈ ಎಣಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಕಳೆದ ವರ್ಷ ಬೆಂಗಳೂರಿನ ಒಂದು ಕುಂಬಾರಿಕೆ ಸ್ಟುಡಿಯೋಗೆ ಎಂಟು ಭಾನುವಾರ ಹೋಗಿಬಂದೆ. ಯಾರು ಬೇಕಾದರೂ ಹಣ ಕೊಟ್ಟು ಬಂದು ಮಣ್ಣಿನಲ್ಲಿ ಕೆಲಸ ಮಾಡಬಹುದಾದ ಸಾಮುದಾಯಿಕ ಸ್ಥಳ ಅದು. ಒಂದು ಹಳೆಯ ಮನೆಯ ನೆಲಮಾಳಿಗೆಯಲ್ಲಿ ಆರು ವಿದ್ಯುತ್ ಚಕ್ರಗಳು, ಒಂದು ವಿದ್ಯುತ್ ಆವಿಗೆ, ಗೋಡೆಯುದ್ದಕ್ಕೂ ಮರದ ಹಲಗೆಗಳು. ಪಾಠಕ್ಕೆ ಒಂದು ದರ, ಮಣ್ಣಿಗೆ ಕಿಲೋ ಲೆಕ್ಕದಲ್ಲಿ ಇನ್ನೊಂದು ದರ, ಸುಡುವುದಕ್ಕೆ ಪಾತ್ರೆಯ ಗಾತ್ರ ನೋಡಿ ಮತ್ತೊಂದು ದರ. ‘ಗ್ರಾಹಕ’ ಎಂಬ ಪದಕ್ಕೆ ಇಲ್ಲಿ ಹೊಸದೊಂದು ಅರ್ಥ ಬಂದಿದೆ. ಸಂತೆಯ ಗ್ರಾಹಕ ಹಣ ಕೊಟ್ಟು ಮಡಕೆಯನ್ನು ಒಯ್ಯುತ್ತಾನೆ. ಸ್ಟುಡಿಯೋದ ಗ್ರಾಹಕ ಹಣ ಕೊಡುವುದು ಮಾಡುವ ಅವಕಾಶಕ್ಕಾಗಿ; ಮಾಡಿದ್ದನ್ನು ಒಯ್ಯಲು ಅನೇಕರು ಮರಳಿ ಬರುವುದೇ ಇಲ್ಲ. ಬಾಗಿಲ ಬಳಿಯ ಒಂದು ಹಲಗೆಯ ತುಂಬ ಹೀಗೆ ಯಾರೂ ಕೇಳದ ಬಟ್ಟಲುಗಳಿದ್ದವು. ಪ್ರತಿಯೊಂದರ ತಳದಲ್ಲೂ ಮಾಡಿದವರ ಹೆಸರಿನ ಅಕ್ಷರಗಳನ್ನು ಗೀಚಲಾಗಿತ್ತು.

ನಮ್ಮ ತಂಡದಲ್ಲಿ ಸಾಫ್ಟ್‌ವೇರ್ ಕಂಪನಿಯ ಒಬ್ಬ ಯುವಕ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮಹಿಳೆ, ಒಬ್ಬ ತಾಯಿ, ಆಕೆಯ ಹನ್ನೆರಡು ವರ್ಷದ ಮಗಳು ಮತ್ತು ನಾನು ಇದ್ದೆವು. ಚಕ್ರದ ಮೇಲೆ ಮೊದಲು ಕಲಿಯಬೇಕಾದದ್ದು ಮಣ್ಣಿನ ಮುದ್ದೆಯನ್ನು ಸರಿಯಾಗಿ ನಡುವಿಗೆ ತರುವುದು. ನೋಡುವವರಿಗೆ ಇದು ಕೆಲಸವೆಂದೇ ಅನ್ನಿಸುವುದಿಲ್ಲ. ಕೈಯಿಟ್ಟವರಿಗೆ ಮಾತ್ರ, ತಿರುಗುವ ಒಂದು ಕಿಲೋ ಮಣ್ಣು ಮೊಳಕೈಯನ್ನು ಹೇಗೆ ಎತ್ತೆತ್ತಿ ಒಗೆಯುತ್ತದೆಂಬುದು ತಿಳಿಯುತ್ತದೆ. ನಡು ತಪ್ಪಿದ ಮುದ್ದೆಯಿಂದ ಎಬ್ಬಿಸಿದ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ನಾಲ್ಕು ಬೆರಳು ಏರುವಷ್ಟರಲ್ಲಿ ಸೊಟ್ಟಗಾಗಿ ಕುಸಿಯುತ್ತದೆ. ಆ ಯುವಕ ಮೂರು ವಾರ ಸೋತ. ನಾಲ್ಕನೆಯ ವಾರ ಸ್ಟುಡಿಯೋದ ಸಹಾಯಕರು ಬಂದು ಅವನ ಕೈಗಳ ಮೇಲೆ ತಮ್ಮ ಕೈಗಳನ್ನಿಟ್ಟರು. ಕೆಲವೇ ಕ್ಷಣಗಳಲ್ಲಿ ಮಣ್ಣು ಅಲುಗಾಟ ನಿಲ್ಲಿಸಿ, ತಿರುಗುತ್ತಿದೆಯೋ ಇಲ್ಲವೋ ಎಂಬಂತೆ ಸ್ಥಿರವಾಯಿತು. ಅವರು ಕೈ ತೆಗೆದರು. ಯುವಕ ಬಟ್ಟಲನ್ನು ಎಬ್ಬಿಸಿದ, ಸಂತೋಷದಿಂದ ಫೋಟೋ ತೆಗೆಸಿಕೊಂಡ, ಹದವಾಗಿ ಆರಿದ ಮೇಲೆ ತಳದಲ್ಲಿ ತನ್ನ ಹೆಸರು ಕೊರೆದ. ಅವನ ಸಂತೋಷದಲ್ಲಿ ಯಾವ ಸುಳ್ಳೂ ಇರಲಿಲ್ಲ. ಆದರೆ ಆ ಬಟ್ಟಲಿನ ಕರ್ತೃ ಯಾರು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಸಹಾಯಕರು ತುಮಕೂರು ಕಡೆಯ ಹಳ್ಳಿಯವರು, ಕುಂಬಾರ ಮನೆತನದವರು. ವಯಸ್ಸು ಐವತ್ತರ ಆಸುಪಾಸು. ಸ್ಟುಡಿಯೋದಲ್ಲಿ ಅವರದು ತಿಂಗಳ ಸಂಬಳದ ಕೆಲಸ. ನಾವು ಬರುವುದಕ್ಕೆ ಎರಡು ಗಂಟೆ ಮುಂಚೆ ಬಂದು ಮಣ್ಣನ್ನು ತುಳಿದು, ನಾದಿ, ಒಳಗಿನ ಗಾಳಿಯನ್ನೆಲ್ಲ ಹೊರಡಿಸಿ, ಒಂದೊಂದು ಕಿಲೋದ ಮುದ್ದೆ ಮಾಡಿ, ಒದ್ದೆ ಬಟ್ಟೆ ಹೊದಿಸಿ ಇಡುತ್ತಿದ್ದರು. ನಮ್ಮ ಕಣ್ಣಿಗೆ ಬೀಳುತ್ತಿದ್ದದ್ದು ಆ ಮುದ್ದೆ ಮಾತ್ರ. ಶಾಸ್ತ್ರಗ್ರಂಥಗಳಲ್ಲಿಯೂ ಘಟದ ಕಥೆ ಸಾಮಾನ್ಯವಾಗಿ ಮೃತ್ಪಿಂಡದಿಂದಲೇ, ಅಂದರೆ ಸಿದ್ಧವಾದ ಮುದ್ದೆಯಿಂದಲೇ ಪ್ರಾರಂಭವಾಗುತ್ತದೆ.

ಅವರೊಡನೆ ಮಾತು ಬೆಳೆದದ್ದು ‘ದಂಡ’ದಿಂದ. ಘಟಕ್ಕೆ ದಂಡ ನಿಮಿತ್ತ ಕಾರಣವೆಂದು ಓದುವ ಇಂದಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆ ಕೋಲನ್ನು ಕಂಡಿರುವುದಿಲ್ಲ. ಸ್ಟುಡಿಯೋದಲ್ಲಿಯೂ ಅದಿಲ್ಲ, ಕಾಲಿನಿಂದ ಒತ್ತಿದರೆ ಮೋಟಾರು ತಿರುಗುತ್ತದೆ. ಅವರ ಊರಿನ ಭಾರವಾದ ಚಕ್ರದ ಅಂಚಿನಲ್ಲಿ ಒಂದು ಗುಳಿಯಿತ್ತಂತೆ. ಅದಕ್ಕೆ ಕೋಲಿನ ತುದಿ ಕೊಟ್ಟು, ನಿಂತು ಬಲವಾಗಿ ತಿರುಗಿಸಿ, ಕೋಲನ್ನು ಬದಿಗಿಟ್ಟು ಕುಳಿತರೆ, ಆ ವೇಗ ಇಳಿಯುವುದರೊಳಗೆ ಮಡಕೆ ಏಳಬೇಕು. ಕೈಯಾಡಿಸಿ ತೋರಿಸುತ್ತ ಅವರು ಚಕ್ರವನ್ನು ‘ತಿಗುರಿ’ ಎಂದರು. ಸ್ಟುಡಿಯೋದಲ್ಲಿ ಉಳಿದವರೆಲ್ಲ ‘ವ್ಹೀಲ್’ ಎನ್ನುತ್ತಿದ್ದರು. ಅವರೂ ನಮ್ಮೊಡನೆ ಮಾತನಾಡುವಾಗ ಹಾಗೆಯೇ ಹೇಳುತ್ತಿದ್ದರು.

“ನಡುವಿಗೆ ತರೋದನ್ನ ನಿಮಗೆ ಹೇಳಿಕೊಟ್ಟವರು ಯಾರು?” ಎಂದು ಕೇಳಿದೆ.

“ಯಾರೂ ಹೇಳಿಕೊಡಲಿಲ್ಲ ಸಾರ್. ಅಪ್ಪ ತಿಗುರಿ ಮುಂದೆ ಕೂತಿದ್ದಾಗ ನಾನು ಪಕ್ಕದಲ್ಲಿ ಇರ್ತಿದ್ದೆ, ಅಷ್ಟೇ.”

ಈ ‘ಅಷ್ಟೇ’ ಎಂಬುದರಲ್ಲಿ ಅನ್ಯಥಾಸಿದ್ಧಿಯ ಪಾಠ ಪೂರ್ತಿ ಅಡಗಿದೆ. ತಂದೆ ಏನನ್ನೂ ಕಲಿಸಲಿಲ್ಲ, ಪಕ್ಕದಲ್ಲಿದ್ದರು. ಆ ಪಕ್ಕದಲ್ಲಿರುವಿಕೆ ಮಗನ ಅಂಗೈಗೆ ಇಳಿದು, ನಲವತ್ತು ವರ್ಷಗಳ ನಂತರ ಇನ್ನೊಬ್ಬನ ಅಂಗೈ ಮೇಲೆ ಕೆಲ ಕ್ಷಣ ಕುಳಿತು, ಒಂದು ಬಟ್ಟಲನ್ನು ಸಾಧ್ಯವಾಗಿಸಿತು. ತರ್ಕದ ಲಕ್ಷಣದ ಪ್ರಕಾರ ಇದಾವುದೂ ಆ ಬಟ್ಟಲಿಗೆ ಕಾರಣವಲ್ಲ. ಸ್ಟುಡಿಯೋದ ರಸೀದಿಯಲ್ಲಿಯೂ ಇದಕ್ಕೆ ಜಾಗವಿಲ್ಲ. ಅಲ್ಲಿ ನಮೂದಾಗುವುದು ಮಣ್ಣು, ಸಮಯ ಮತ್ತು ಸುಡುವ ಖರ್ಚು ಮಾತ್ರ.

ಹಿಂದಿನ ಗ್ರಾಹಕನಿಗೆ ಕುಂಬಾರನೊಡನೆ ಇದ್ದ ಸಂಬಂಧವನ್ನು ಇದರೊಡನೆ ಹೋಲಿಸಿ ನೋಡಬೇಕು. ಹಳ್ಳಿಯ ಆಯಗಾರರಲ್ಲಿ ಕುಂಬಾರನೂ ಒಬ್ಬ. ಸುಗ್ಗಿಯಲ್ಲಿ ಅವನ ಪಾಲಿನ ಕಾಳು ಕಣದಲ್ಲಿಯೇ ಅವನಿಗೆ ಸಲ್ಲುತ್ತಿತ್ತು. ವರ್ಷವಿಡೀ ಮಡಕೆ ಕುಡಿಕೆಗಳು ಮನೆಮನೆಗೆ ಬರುತ್ತಿದ್ದವು. ಉತ್ತರ ಕರ್ನಾಟಕದ ಮದುವೆಗಳಲ್ಲಿ ಐರಣಿ ಗಡಿಗೆಗಳನ್ನು ತರಲು ವಾದ್ಯದೊಡನೆ ಕುಂಬಾರನ ಮನೆಗೇ ಹೋಗುವ ಪದ್ಧತಿಯಿದೆ. ಮೈಸೂರು ಕಡೆಯ ಅರಿವೇಣಿಯೂ ಇದೇ ಬಗೆಯದು. ಆ ಹೊತ್ತಿಗೆ ಗ್ರಾಹಕನೇ ಕುಂಬಾರನ ಅತಿಥಿ. ಈ ವ್ಯವಸ್ಥೆಯನ್ನು ಹಾಡಿ ಹೊಗಳುವ ಅಗತ್ಯವಿಲ್ಲ. ಕಾಳಿನ ಪಾಲು ಎಷ್ಟೆಂಬುದನ್ನು ನಿರ್ಧರಿಸುತ್ತಿದ್ದದ್ದು ಕುಂಬಾರನಲ್ಲ, ಜಾತಿಯ ಕಟ್ಟಿನಿಂದ ಹೊರಗೆ ಹೆಜ್ಜೆಯಿಡುವುದೂ ಅವನಿಗೆ ಸುಲಭವಿರಲಿಲ್ಲ. ಆದರೂ ಮಡಕೆ ಯಾವ ಮನೆಯಿಂದ ಬಂತು, ಯಾರ ಮಗನ ಕೈಯದು ಎಂಬುದು ಒಯ್ಯುವವರಿಗೆ ಗೊತ್ತಿರುತ್ತಿತ್ತು. ತಳದಲ್ಲಿ ಹೆಸರು ಕೊರೆಯುವ ಅವಶ್ಯಕತೆಯೇ ಇರಲಿಲ್ಲ.

ಆ ಗ್ರಾಹಕನಿಗೆ ಮಡಕೆಯನ್ನು ಅರಿಯುವ ಕಲೆಯೂ ಇತ್ತು. ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಕಂಚಿನಂತೆ ನಾದ ಬಂದರೆ ಒಯ್ಯುವುದು. ಒಡಕು ದನಿ ಬಂದರೆ ಕೆಳಗಿಡುವುದು. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳಿಸುತ್ತದೆ. ಹರಿಹರನ ‘ಕುಂಬಾರ ಗುಂಡಯ್ಯನ ರಗಳೆ’ಯನ್ನು ಓದುವ ವಿದ್ಯಾರ್ಥಿಗಳು ಈ ಹಿನ್ನೆಲೆಯನ್ನು ನೆನಪಿನಲ್ಲಿಡಬೇಕು. ಗುಂಡಯ್ಯ ಮಡಕೆಯನ್ನು ಬಾರಿಸುತ್ತ ಕುಣಿಯುತ್ತಾನೆ. ಆ ನಾದಕ್ಕೆ ಶಿವನೂ ಕುಣಿಯುತ್ತಾನೆ. ಭಕ್ತಿಯ ಆ ಅದ್ಭುತಕ್ಕೆ ಆಧಾರವಾಗಿರುವುದು ಕುಂಬಾರನ ಅಂಗಳದಲ್ಲಿ ದಿನವೂ ಕೇಳುತ್ತಿದ್ದ, ಚೆನ್ನಾಗಿ ಸುಟ್ಟ ಮಡಕೆಯ ದನಿ. ನಮ್ಮ ಸಹಾಯಕರು ಆವಿಗೆಯಿಂದ ತೆಗೆದ ಪ್ರತಿಯೊಂದು ಪಾತ್ರೆಯನ್ನೂ ಹೀಗೆ ತಟ್ಟಿ ನೋಡುತ್ತಿದ್ದರು. ಗ್ರಾಹಕರು ನೋಡುತ್ತಿದ್ದದ್ದು ಬಣ್ಣವನ್ನು.

ಆವಿಗೆ ತೆರೆಯುವ ದಿನ ಎಲ್ಲರಿಗೂ ಪರೀಕ್ಷೆಯ ದಿನ. ಮೊದಲ ಸುಡುವಿಕೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನದು; ಗಾಜಿನ ಲೇಪ ಹಚ್ಚಿದ ಮೇಲೆ ಎರಡನೆಯದು 1200 ಡಿಗ್ರಿಗೂ ಮೇಲೆ. ಒಣಗುವಾಗಲೂ ಸುಡುವಾಗಲೂ ಪಾತ್ರೆ ಕುಗ್ಗುತ್ತದೆ. ಎಲ್ಲ ಭಾಗಗಳೂ ಸಮವಾಗಿ ಕುಗ್ಗದಿದ್ದರೆ ಬಿರುಕು ಖಂಡಿತ. ನಿವೃತ್ತ ಮಹಿಳೆ ಮೊಮ್ಮಗನಿಗೆಂದು ಮಾಡಿದ್ದ ಹಾಲಿನ ಲೋಟ ಹಿಡಿಯ ಬಳಿ ಸೀಳಿತ್ತು. ಅವರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಮಾತಾಡಲಿಲ್ಲ. ಪಕ್ಕದಲ್ಲಿ ಆ ಹುಡುಗಿಯ ಆನೆ ಎರಡು ತುಂಡಾಗಿತ್ತು. ಅವಳು ನಕ್ಕು, ಮುಂದಿನ ವಾರ ಇನ್ನೊಂದು ಮಾಡುವೆನೆಂದಳು.

ಸಮಂತಭದ್ರರ ‘ಆಪ್ತಮೀಮಾಂಸೆ’ಯ 59ನೆಯ ಕಾರಿಕೆ ಇಲ್ಲಿ ನೆನಪಾಗದೆ ಇರದು. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ, ಕೊಡ ಬೇಕಾಗಿದ್ದವನಿಗೆ ದುಃಖ, ಕಿರೀಟ ಬೇಕಾಗಿದ್ದವನಿಗೆ ಸಂತೋಷ, ಚಿನ್ನ ಬೇಕಾಗಿದ್ದವನಿಗೆ ಎರಡೂ ಇಲ್ಲದ ಸಮಭಾವ. ನಾಶ, ಉತ್ಪಾದ, ಧ್ರೌವ್ಯಗಳು ಒಂದೇ ವಸ್ತುವಿನಲ್ಲಿ ಒಟ್ಟಿಗೆ ಇರುತ್ತವೆಂಬುದಕ್ಕೆ ಅಲ್ಲಿ ಮೂವರು ಗ್ರಾಹಕರ ಅನುಭವವೇ ಪ್ರಮಾಣ. ಲೋಟ ಬೇಕಾಗಿದ್ದವರಿಗೆ ದುಃಖ, ಮಾಡುವುದೇ ಬೇಕಾಗಿದ್ದವಳಿಗೆ ನಗು: ಇಷ್ಟರಮಟ್ಟಿಗೆ ಸ್ಟುಡಿಯೋ ಆ ಕಾರಿಕೆಯ ವ್ಯಾಖ್ಯಾನದಂತಿತ್ತು. ಮೂರನೆಯವನ ಸಮಭಾವ ಮಾತ್ರ ಅಷ್ಟು ಸುಲಭವಲ್ಲ. ಚಿನ್ನ ಎಷ್ಟು ಬಾರಿ ಕರಗಿಸಿದರೂ ಚಿನ್ನವೇ. ಹಸಿ ಮಡಕೆಯೂ ಹಾಗೆಯೇ. ನೀರಿನಲ್ಲಿ ನೆನೆಸಿದರೆ ಮತ್ತೆ ಮಣ್ಣು. ಆದರೆ ಸುಮಾರು 600 ಡಿಗ್ರಿಯ ಹೊತ್ತಿಗೆ ಮಣ್ಣಿನ ಕಣಗಳೊಳಗೆ ರಾಸಾಯನಿಕವಾಗಿ ಸೇರಿಕೊಂಡಿದ್ದ ನೀರು ಹೊರಟುಹೋಗುತ್ತದೆ. ಆ ಗೆರೆ ದಾಟಿದ ಮೇಲೆ ಅದು ಬರಿಯ ನೀರಿನಲ್ಲಿ ನೆನೆದು ಜೇಡಿಯಾಗುವುದಿಲ್ಲ. ಒಡೆದರೆ ಬೋಕಿ, ಅಷ್ಟೆ. ಕುಸಿದ ಹಸಿ ಬಟ್ಟಲುಗಳನ್ನು ಯಾವ ಭಾವವೂ ಇಲ್ಲದೆ ಬಕೆಟ್ಟಿಗೆ ಹಾಕುತ್ತಿದ್ದ ಸಹಾಯಕರು, ಸುಟ್ಟು ಸೀಳಿದ ಲೋಟವನ್ನು ಕೈಗೆ ತೆಗೆದುಕೊಂಡು ಎರಡು ಸಲ ತಿರುಗಿಸಿ ನೋಡಿದರು. ದೃಷ್ಟಾಂತಕ್ಕೆ ಶಾಸ್ತ್ರಕಾರ ಆರಿಸಿಕೊಂಡ ವಸ್ತು ಯಾವುದೆಂಬುದು ಸಿದ್ಧಾಂತದ ಒಂದು ಭಾಗವೇ ಆಗಿರುತ್ತದೆ ಎಂಬುದನ್ನು ಸಂಶೋಧಕರು ಗಮನಿಸಬೇಕು.

ಕರ್ತೃವಿನ ಪ್ರಶ್ನೆಯನ್ನು ಇನ್ನಷ್ಟು ನೇರವಾಗಿ ಎತ್ತುವ ಕಥೆ ಅರ್ಧಮಾಗಧಿ ಆಗಮವಾದ ‘ಉವಾಸಗದಸಾಓ’ದ ಏಳನೆಯ ಅಧ್ಯಯನದಲ್ಲಿದೆ. ಪೋಲಾಸಪುರದ ಕುಂಬಾರ ಸದ್ದಾಲಪುತ್ತ ಗೋಶಾಲನ ಆಜೀವಿಕ ಮತದವನು; ಎಲ್ಲವೂ ನಿಯತ, ಪುರುಷ ಪ್ರಯತ್ನವೆಂಬುದಿಲ್ಲ ಎಂದು ನಂಬಿದವನು. ಮಡಕೆಗಳನ್ನು ಬಿಸಿಲಿಗೆ ಇಡುತ್ತಿದ್ದ ಅವನನ್ನು ಮಹಾವೀರರು ಕೇಳುತ್ತಾರೆ: ಇವು ಆದದ್ದು ಪ್ರಯತ್ನದಿಂದಲೋ, ಪ್ರಯತ್ನವಿಲ್ಲದೆಯೋ? ಪ್ರಯತ್ನವಿಲ್ಲದೆ ಎಂದು ಅವನ ಉತ್ತರ. ಹಾಗಾದರೆ ಯಾರಾದರೂ ಇವನ್ನು ಕದ್ದರೆ, ಒಡೆದರೆ ಏನು ಮಾಡುವೆ ಎಂಬುದು ಮುಂದಿನ ಪ್ರಶ್ನೆ. ಬೈಯುವೆ, ಹೊಡೆಯುವೆ ಎನ್ನುತ್ತಾನೆ. ಅಲ್ಲಿಗೆ ಅವನ ನಿಯತಿವಾದ ಅವನ ಬಾಯಿಂದಲೇ ಮುರಿದುಬೀಳುತ್ತದೆ. ಮಡಕೆ ಒಡೆದಾಗ ಹುಟ್ಟುವ ನೋವೇ ಪ್ರಯತ್ನವಿತ್ತು ಎಂಬುದಕ್ಕೆ ಸಾಕ್ಷಿ. ಹಾಲಿನ ಲೋಟ ಹಿಡಿದು ಮೌನವಾಗಿ ನಿಂತ ಆ ಮಹಿಳೆಯೂ ಇದನ್ನೇ ಹೇಳುತ್ತಿದ್ದರು.

ಇದೇ ಅಧ್ಯಯನದಲ್ಲಿ, ಚರ್ಚೆಯಲ್ಲಿ ಅಷ್ಟಾಗಿ ಉಲ್ಲೇಖವಾಗದ ಇನ್ನೊಂದು ವಿವರವಿದೆ. ಊರ ಹೊರಗೆ ಸದ್ದಾಲಪುತ್ತನಿಗೆ 500 ಕುಂಬಾರಿಕೆಯ ಅಂಗಡಿಗಳಿದ್ದವು. ಕೂಲಿ ಮತ್ತು ಊಟ ಪಡೆಯುವ ಅನೇಕ ಜನರು ಅಲ್ಲಿ ದಿನವೂ ಬಗೆಬಗೆಯ ಪಾತ್ರೆಗಳನ್ನು ಮಾಡುತ್ತಿದ್ದರು, ಇನ್ನು ಕೆಲವರು ರಾಜಮಾರ್ಗದಲ್ಲಿ ಮಾರುತ್ತಿದ್ದರು. ಪ್ರಶ್ನೆ ಕೇಳಿಸಿಕೊಂಡವನು ಒಡೆಯ. ಪ್ರಯತ್ನ ಬಹುಮಟ್ಟಿಗೆ ಆ ಕೂಲಿಯವರದು. ಆಗಮಕಾರ ಅವರ ಹೆಸರು ಹೇಳದಿದ್ದರೂ ಅವರ ಇರವನ್ನೂ ಅವರ ಕೂಲಿಯನ್ನೂ ದಾಖಲಿಸಿದ್ದಾನೆ. ಆ ಸಾಲನ್ನು ಬಿಟ್ಟು ಸಂವಾದವನ್ನಷ್ಟೇ ಓದಿದರೆ, ಪುರುಷಪ್ರಯತ್ನ ಯಾರದೆಂಬ ಅರ್ಧ ಪ್ರಶ್ನೆ ಕೈಬಿಟ್ಟುಹೋಗುತ್ತದೆ.

ಕೊನೆಯ ಭಾನುವಾರ ಸಹಾಯಕರು ಊರಿನಿಂದ ಒಂದು ದುಂಡು ಕಲ್ಲನ್ನು ತಂದು ತೋರಿಸಿದರು. ಹಸಿ ಮಡಕೆಯ ಒಳಗೆ ಅದನ್ನು ಒತ್ತಿ ಹಿಡಿದು, ಹೊರಗಿನಿಂದ ಹಲಗೆಯಲ್ಲಿ ಬಡಿದು, ಗೋಡೆಯನ್ನು ತೆಳುವಾಗಿಸಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಅದನ್ನು ಅವರ ತಂದೆ ಬಳಸಿದ್ದರು, ಅದಕ್ಕೂ ಮುಂಚೆ ಅಜ್ಜ. ಹಿಡಿದು ಹಿಡಿದು ಒಂದು ಬದಿ ಸವೆದು ಅಂಗೈಯ ಅಚ್ಚಿನಂತಾಗಿತ್ತು. ಸ್ಟುಡಿಯೋದಲ್ಲಿ ಅದಕ್ಕೆ ಕೆಲಸವಿಲ್ಲ. ಬಡಿದು ಮಾಡುವ ದೊಡ್ಡ ಮಡಕೆಗಳನ್ನು ಕಲಿಯಲು ಯಾರೂ ಬರುವುದಿಲ್ಲ. ಹಳ್ಳಿಯಲ್ಲಿ ಅಲ್ಯುಮಿನಿಯಂ, ಸ್ಟೀಲು, ಪ್ಲಾಸ್ಟಿಕ್ ಕೊಡಗಳು ಬಂದ ಮೇಲೆ ತಂದೆ ಆವಿಗೆ ಹಾಕುವುದನ್ನು ನಿಲ್ಲಿಸಿದ್ದರಂತೆ.

“ನಿಮ್ಮ ಮಗನಿಗೆ ಇದು ಬರುತ್ತದೆಯೇ?” ಎಂದೆ.

“ಇಲ್ಲ ಸಾರ್. ಅವನು ಡಿಪ್ಲೊಮಾ ಓದ್ತಿದ್ದಾನೆ. ಓದಲಿ ಬಿಡಿ, ಮಣ್ಣಲ್ಲಿ ಏನಿದೆ?” ಎಂದು, ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡರು.

ಅವರ ಮಾತಿನಲ್ಲಿ ವಿಷಾದಕ್ಕಿಂತ ಮಗನ ಬಗೆಗಿನ ಭರವಸೆಯೇ ಹೆಚ್ಚಾಗಿತ್ತು. ಅದನ್ನು ವಿಷಾದವಾಗಿ ತಿದ್ದುವ ಹಕ್ಕು ಬೇರೆಯವರಿಗಿಲ್ಲ. ಅವರು ಕುಂಬಾರರು, ತಂದೆಯೂ ಹೌದು. ಆದರೆ ಕುಂಬಾರನ ತಂದೆಯಾಗುವುದಿಲ್ಲ. ವಿಶ್ವನಾಥ ಪಂಚಾನನ ಎಣಿಕೆಯಿಂದ ಕೈಬಿಟ್ಟ ಆ ವ್ಯಕ್ತಿ ಎಲ್ಲ ಕಾಲಕ್ಕೂ ಇದ್ದೇ ಇರುತ್ತಾನೆಂಬ ಭರವಸೆಯಿಂದಲೇ ಬಹುಶಃ ಅವನನ್ನು ಕೈಬಿಡಲು ಸಾಧ್ಯವಾಗಿತ್ತು. ಇನ್ನು ಮುಂದೆ ಈ ವಿದ್ಯೆ ಉಳಿದರೆ, ಹಣ ಕೊಟ್ಟು ಕಲಿಯಲು ಬಂದವರ ಕೈಯಲ್ಲಿ ಉಳಿಯಬೇಕು. ಆ ಯುವಕ ಈಗಲೂ ಪ್ರತಿ ಭಾನುವಾರ ಹೋಗುತ್ತಾನೆಂದು ಕೇಳಿದ್ದೇನೆ. ಈಗ ಯಾರ ಸಹಾಯವೂ ಇಲ್ಲದೆ ಮಣ್ಣನ್ನು ನಡುವಿಗೆ ತರುತ್ತಾನಂತೆ.